ಕುಮುದಿನಿ ಅಕ್ಕೋರ ದಯಾಮರಣದ ಅರ್ಜಿ

ಆ ಅರ್ಜಿ ಬರೆದವನು ನಾನೇ. ಅವರು ಹೇಳಿದರು, ನಾನು ಬರೆದೆ. ಬಾದಾಮಿಯ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ, ಅವರು ಗಣಿತ. ಹದಿನೆಂಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತವರು ನಾವು. ನನ್ನ ಊರು ಬೇವೂರಾದ್ದರಿಂದ ಅವರು ನನ್ನನ್ನು "ಬೇವೂರ ಸರ್" ಎಂದೇ ಕರೆಯುತ್ತಿದ್ದರು. ಅವರನ್ನು ಊರೆಲ್ಲ ಕರೆಯುವುದು ಕುಮುದಿನಿ ಅಕ್ಕೋರು ಎಂದು. ನಮ್ಮ ಕಡೆ ಹೆಣ್ಣುಮಕ್ಕಳು ಸಾಲಿಯಲ್ಲಿ ಕಲಿಸಿದರೆ ಅಕ್ಕೋರೇ ಆಗುತ್ತಾರೆ.

ಅವರು ಪಾಠ ಮಾಡುವಾಗ ಧ್ವನಿ ಮೂರು ಕೋಣೆ ದಾಟಿ ಬರುತ್ತಿತ್ತು. ನಾನು ಎಂಟನೇ ತರಗತಿಗೆ ಪದ್ಯ ಹೇಳುತ್ತಿದ್ದರೆ ನಡುವೆ "ಲಂಬಕೋನ!" ಎಂದು ಕೇಳಿಸುವುದು, ಮಕ್ಕಳು ನಗುವುದು ವಾರಕ್ಕೆ ಎರಡು ಸಲವಾದರೂ ನಡೆಯುತ್ತಿತ್ತು. ಬಿಸಿಲು ಚೆನ್ನಾಗಿದ್ದ ದಿನ ಮಕ್ಕಳನ್ನು ಅಗಸ್ತ್ಯತೀರ್ಥದ ದಂಡೆಗೆ ಕರೆದುಕೊಂಡು ಹೋಗಿ, ಒಂದು ಕೋಲು ನೆಟ್ಟು, ಕೋಲಿನ ನೆರಳಿನಿಂದ ಗುಡ್ಡದ ಎತ್ತರ ಲೆಕ್ಕ ಹಾಕಿಸುತ್ತಿದ್ದರು. ಮಂಗಗಳು ಕೋಲು ಕಿತ್ತುಕೊಂಡು ಓಡಿದರೆ, "ಇಷ್ಟ ನೋಡ್ರಿ, ಕೋಲು ಎಷ್ಟು ವೇಗದಾಗ ಹೋತು, ಅದನ್ನೂ ಬರಕೊಳ್ರಿ" ಎನ್ನುವರು. ಮದುವೆ ಆಗಿರಲಿಲ್ಲ. ಯಾಕೆಂದು ಹೊಸದಾಗಿ ಬಂದ ಹೆಡ್‌ಮಾಸ್ತರರೊಬ್ಬರು ಕೇಳಿದಾಗ, "ಬಂದಾವ್ರು ಯಾರೂ ಸಾಧಿಸಿ ತೋರಿಸಲಿಲ್ರಿ" ಎಂದಿದ್ದರು. ಆ ಮನುಷ್ಯ ಮತ್ತೆ ಕೇಳಲಿಲ್ಲ.

ಐದು ವರ್ಷದ ಹಿಂದೆ, ಪಟ್ಟದಕಲ್ಲಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳ ಮದುವೆ ಮುಗಿಸಿ ಬರುವಾಗ ಅವರು ಕೂತಿದ್ದ ಟೆಂಪೊ ತಿರುವಿನಲ್ಲಿ ಉರುಳಿತು. ಉಳಿದವರಿಗೆ ತರಚು ಗಾಯ. ಅಕ್ಕೋರಿಗೆ ಕುತ್ತಿಗೆಯ ಎಲುಬಿಗೆ ಪೆಟ್ಟು ಬಿತ್ತು. ಬಾಗಲಕೋಟೆಯ ದವಾಖಾನೆಯಲ್ಲಿ ಮೂರು ತಿಂಗಳು ಮಲಗಿ ಮನೆಗೆ ಬಂದಾಗ ಎರಡೂ ಕಾಲಿಗೆ ಜೀವವಿರಲಿಲ್ಲ. ತೋಳು ಆಡುತ್ತಿತ್ತು, ಬೆರಳು ಪೆನ್ನು ಹಿಡಿಯುತ್ತಿರಲಿಲ್ಲ, ನೋವು ಮಾತ್ರ ಮೈಗೆಲ್ಲ ತಿಳಿಯುತ್ತಿತ್ತು. ಇನ್ನು ಇಷ್ಟೇ, ಇದಕ್ಕಿಂತ ವಾಸಿಯಾಗುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು.

ಮನೆಯಲ್ಲಿ ತಮ್ಮ ಪ್ರಾಣೇಶ, ರೈಲು ಸ್ಟೇಷನ್ನಿನಲ್ಲಿ ಟಿಕೀಟು ಕೊಡುವ ಗುಮಾಸ್ತ, ಮತ್ತು ಅವನ ಹೆಂಡತಿ ಮಯೂರಿ. ಇಬ್ಬರೂ ಒಳ್ಳೆಯವರು. ಆದರೆ ಆಳೆತ್ತರದ ಹೆಂಗಸನ್ನು ಎತ್ತಿ ಇಳಿಸಿ ಮಾಡುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಎಂಟು ತಿಂಗಳಲ್ಲಿ ಅಕ್ಕೋರ ಬೆನ್ನಿನ ಕೆಳಗೆ ಹುಣ್ಣಾಯಿತು. ಅವರ ಧ್ವನಿ ಸಣ್ಣಗಾಯಿತು, ಆಮೇಲೆ ಪಿಸುಮಾತಿಗೆ ಇಳಿಯಿತು.

ಒಂದು ಮಧ್ಯಾಹ್ನ ನನ್ನನ್ನು ಕರೆಸಿದರು.

"ಬೇವೂರ ಸರ್, ಒಂದು ಅರ್ಜಿ ಬರಕೊಡ್ರಿ. ಜಿಲ್ಲಾಧಿಕಾರಿಗಳಿಗೆ. ವಿಷಯ, ದಯಾಮರಣ."

ನಾನು ಪೆನ್ನಿನ ಟೋಪಿ ತೆಗೆದು ಹಾಗೇ ಕೂತೆ.

"ಬರೀರಿ. 'ನಾನು ಭಾಗಾಕಾರದಲ್ಲಿ ಉಳಿದ ಶೇಷ. ನನ್ನಿಂದ ಇನ್ನು ಯಾರಿಗೂ ಉಪಯೋಗವಿಲ್ಲ. ಬುದ್ಧಿ ಸ್ವಾಧೀನದಲ್ಲಿ ಇಟ್ಟುಕೊಂಡು, ಯಾರ ಒತ್ತಾಯವೂ ಇಲ್ಲದೆ ಕೇಳಿಕೊಳ್ಳುತ್ತಿದ್ದೇನೆ.'"

ನಾನು ಬರೆದೆ. ಎರಡು ಕಡೆ ವಾಕ್ಯ ತಿದ್ದಿ ಚೆಂದ ಕೂಡ ಮಾಡಿದೆ. ಬೇಡವೆಂದು ಹೇಳುವ ಧೈರ್ಯ ನನಗಿರಲಿಲ್ಲ ಎಂದು ಆಮೇಲೆ ಬಹಳ ಜನರ ಮುಂದೆ ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ಆ ಕೋಣೆಯ ವಾಸನೆ, ಅವರ ಮುಖ ನೋಡಿ, ಇವರು ಹೇಳುವುದು ಸರಿಯೇ ಎಂದು ನನಗೂ ಒಳಗೆ ಅನಿಸಿತ್ತು. ಅವರ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿದವನೂ ನಾನೇ.

ಸುದ್ದಿ ಹೇಗೋ ಪತ್ರಿಕೆಗೂ ಹೋಯಿತು. "ದಯಾಮರಣ ಕೋರಿದ ಗಣಿತ ಶಿಕ್ಷಕಿ" ಎಂದು ಒಳಪುಟದಲ್ಲಿ ನಾಲ್ಕು ಸಾಲು ಬಂತು.

ಅರ್ಜಿ ಬಾಗಲಕೋಟೆಗೆ ಹೋಗಿ, ಅಲ್ಲಿಂದ ತಿರುಗಿ ಬಾದಾಮಿಗೇ ಬಂತು, ಸ್ಥಳ ಪರಿಶೀಲಿಸಿ ವರದಿ ಕೊಡಿ ಎಂಬ ಷರಾದೊಂದಿಗೆ. ಬಂದವನು ಯಮನೂರ. ಅವನ ಹುದ್ದೆಯ ಹೆಸರು ಈಗ ಗ್ರಾಮ ಆಡಳಿತಾಧಿಕಾರಿ, ಜನ ಇನ್ನೂ ತಲಾಟಿ ಎಂದೇ ಕರೆಯುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಕಡತ ಎದೆಗೆ ಅವಚಿಕೊಂಡು ಒಳಗೆ ಬಂದು ನಿಂತುಬಿಟ್ಟ.

"ಕೂಡಪಾ," ಎಂದರು ಅಕ್ಕೋರು.

"ನಿಂದ್ರತೇನ್ರಿ ಅಕ್ಕೋರ. ನಿಮ್ಮ ಮುಂದ ಕುಂತು ರೂಢಿ ಇಲ್ಲ. ಒಂಬತ್ತನೇತ್ತಾ ಪೂರ್ತಿ ನೀವು ನನ್ನ ಬೆಂಚಿನ ಮ್ಯಾಲ ನಿಂದ್ರಸೀರಿ."

"ಯಮನೂರ? ದಶಮಾಂಶ ಬಿಂದು ಎಲ್ಲಿಡಬೇಕಂತ ತಿಳೀದ ಯಮನೂರ?"

"ಈಗೂ ತಿಳಿಯೂದಿಲ್ರಿ. ಕಂಪ್ಯೂಟರ್ ಇಡ್ತೈತಿ."

ಅವನಿಗೆ ಬೇರೆ ಚಿಂತೆ ಇತ್ತು. ಪಂಚನಾಮೆ ಮಾಡಬೇಕು, ಅಕ್ಕಪಕ್ಕದವರ ಹೇಳಿಕೆ ತಗೋಬೇಕು. ಆದರೆ ದಯಾಮರಣಕ್ಕೆ ಕಚೇರಿಯಲ್ಲಿ ನಮೂನೆ ಇಲ್ಲ. ಹುಡುಕಿ ಹುಡುಕಿ, ಮನೆಯ ಮೇಲೆ ಅಂತಸ್ತು ಕಟ್ಟುವವರಿಗೆ ಇರುವ ನಮೂನೆ ತಂದಿದ್ದ. ಎದುರು ಮನೆಯ ಫರಹಾನಾ, ಹೊಲಿಗೆ ಕೆಲಸದವಳು, ಮತ್ತು ಪಕ್ಕದ ಮನೆಯ ಗೌಂಡಿ ನೀಲಪ್ಪ ಬಂದು ಬಾಗಿಲಲ್ಲಿ ನಿಂತರು. ಯಮನೂರ ಗಂಟಲು ಸರಿಮಾಡಿಕೊಂಡು ಓದಿದ.

"'ಅರ್ಜಿದಾರರ ಕೋರಿಕೆಯನ್ನು ಮಂಜೂರು ಮಾಡಿದಲ್ಲಿ ನೆರೆಹೊರೆಯವರ ಗಾಳಿ ಬೆಳಕಿಗೆ ಅಡ್ಡಿಯಾಗುವುದೇ? ತಕರಾರು ಇದ್ದಲ್ಲಿ ನಮೂದಿಸುವುದು.'"

ಫರಹಾನಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ತಕರಾರು ಐತಿ ಅಂತ ಬರಿ! ನನ್ನ ಮಗಳು ಗಣಿತದಾಗ ಪಾಸಾಗಿದ್ದು ಈ ಅಕ್ಕೋರಿಂದ. ಸಣ್ಣಾಕಿ ಇನ್ನಾ ಏಳನೇತ್ತಾ ಅದಾಳ."

"ನಂದೂ ತಕರಾರು ಐತಿ," ಎಂದ ನೀಲಪ್ಪ. "ದೊಡ್ಡ ಅಕ್ಷರದಾಗ ಬರಿ. ಹತ್ತು ವರ್ಷದಿಂದ ನಾ ಗ್ವಾಡಿಗೆ ಎಷ್ಟು ಇಟ್ಟಂಗಿ ಬೇಕಂತ ಇವ್ರನ್ನ ಕೇಳೇ ತರಸೇನಿ. ಒಂದ ಇಟ್ಟಂಗಿ ಹೆಚ್ಚು ಕಡಿಮಿ ಆಗಿಲ್ಲ. ನಾಳಿಂದ ಯಾರನ್ನ ಕೇಳ್ಲಿ, ನಿನ್ನನ್ನ ಕೇಳ್ಲ್ಯಾ?"

"ನನ್ನ ಕೇಳಬ್ಯಾಡೋ ಮಾರಾಯಾ, ಮನಿ ಬಿದ್ದೀತು," ಎಂದ ಯಮನೂರ.

ಅಕ್ಕೋರು ನಕ್ಕರು. ವರ್ಷದ ಮೇಲೆ ಅವರ ನಗು ಕೇಳಿದ್ದು. ಆದರೆ ನಗುವಿಗೆ ಮೈ ಅಲುಗಿ ಹುಣ್ಣು ಎಳೆದು, ನಗುತ್ತಿದ್ದಂತೆಯೇ ಅಳತೊಡಗಿದರು. ಯಮನೂರ ಕಡತ ಕೆಳಗಿಟ್ಟು ಮಂಚದ ಹತ್ತಿರ ಹೋದ.

"ನೋವು ಎಲ್ಲೈತ್ರಿ ಅಕ್ಕೋರ?"

ಇಷ್ಟು ಸರಳ ಪ್ರಶ್ನೆ. ನಾನು ನಾಲ್ಕು ಪುಟ ಬರೆದಿದ್ದೆ, ಇದನ್ನು ಕೇಳಿರಲಿಲ್ಲ. ಅಕ್ಕೋರು ಹೇಳಿದರು. ಯಮನೂರನ ತಾಯಿಗೆ ಹಿಂದೆ ಕ್ಯಾನ್ಸರ್ ಆಗಿ, ಮನೆಗೇ ಬಂದು ಆರೈಕೆ ಮಾಡುವ ಒಂದು ತಂಡ ಕೊನೆಯವರೆಗೂ ನೋಡಿಕೊಂಡಿತ್ತಂತೆ. ಆ ತಂಡದ ನರ್ಸಿನ ನಂಬರು ಅವನ ಫೋನಿನಲ್ಲಿ ಇನ್ನೂ ಇತ್ತು. ಅಲ್ಲೇ ನಿಂತು ಫೋನು ಹಚ್ಚಿದ.

ಎರಡು ದಿನದಲ್ಲಿ ನರ್ಗೀಸ ಬಂದಳು. ಇಳಕಲ್ಲಿನವಳು, ನಲವತ್ತರ ಆಸುಪಾಸು, ದೊಡ್ಡ ಚೀಲ, ಅವಸರದ ನಡಿಗೆ. ಅಕ್ಕೋರು ಮೊದಲು ಅರ್ಜಿಯ ವಿಷಯ ತೆಗೆದರು.

"ಅದನ್ನ ಆಮ್ಯಾಲ ನೋಡೂಣ್ರಿ," ಎಂದಳು ನರ್ಗೀಸ. "ಮೊದ್ಲ ಮಗ್ಗಲಾ ತಿರುಗ್ರಿ."

ಹುಣ್ಣು ನೋಡಿ ಅವಳು ಯಾರನ್ನೂ ಬೈಯಲಿಲ್ಲ. ತೊಳೆದಳು, ಕಟ್ಟಿದಳು, ಡಾಕ್ಟರನ್ನು ಕರೆಸಿ ನೋವಿನ ಗುಳಿಗೆ ಬರೆಸಿದಳು. ಮುಂದಿನ ಸಲ ಗಾಳಿ ತುಂಬುವ ಹಾಸಿಗೆ ತಂದಳು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು ಎಂದಳು. ಬರೀ ಕೈಯಿಂದ ಎಳೆಯಬಾರದು, ಕೆಳಗೆ ಚಾದರ ಹಾಸಿ, ಚಾದರ ಹಿಡಿದು ಜಗ್ಗಬೇಕು ಎಂದು ಮಯೂರಿಗೆ ತೋರಿಸಿಕೊಟ್ಟಳು. ಮಯೂರಿ ಒಂದು ಸಲ ಜಗ್ಗಿ ನೋಡಿ, ನೆಲದ ಮೇಲೆ ಕೂತು ಬಿಕ್ಕಿದಳು.

"ಇಷ್ಟ ಅದ ಅಂತ ಯಾರರೆ ಮೊದಲ ಹೇಳಿದ್ರ ನನ್ನ ಸೊಂಟ ಉಳೀತಿತ್ತಲ್ರೀ!"

"ನೋಡವಾ, ನಾ ನಿಮಗ ಭಾರ ಆಗೇನಿ," ಎಂದರು ಅಕ್ಕೋರು.

"ಭಾರ ಆಗೀರಿ ಅಕ್ಕಾ, ಇಲ್ಲ ಅಂತ ಸುಳ್ಳು ಯಾಕ ಹೇಳ್ಲಿ? ನೀವು ಅರವತ್ತು ಕೆ.ಜಿ. ಇದ್ದೀರಿ. ಆದ್ರ ನನಗ ನಿಮ್ಮ ಬ್ಯಾಸರ ಬಂದಿಲ್ಲ. ಅದು ಬ್ಯಾರೆ, ಇದು ಬ್ಯಾರೆ."

ಅಕ್ಕೋರು ಆ ಮಾತನ್ನು ಬಹಳ ಹೊತ್ತು ಯೋಚಿಸಿದರೆಂದು ಮಯೂರಿ ಆಮೇಲೆ ನನಗೆ ಹೇಳಿದಳು. ಮರುದಿನ ಮಗ್ಗಲು ಬದಲಿಸುವುದಕ್ಕೆ ಒಂದು ವೇಳಾಪಟ್ಟಿ ಹೇಳಿ ಬರೆಸಿದರು. ಪ್ರಾಣೇಶನ ಡ್ಯೂಟಿ, ಮಯೂರಿಯ ಅಡುಗೆ, ಫರಹಾನಾಳ ಹೊಲಿಗೆ, ಎಲ್ಲ ನೋಡಿ ಮಾಡಿದ ಪಟ್ಟಿ. ನನ್ನ ಹೆಸರು ಭಾನುವಾರಕ್ಕೆ ಬಿದ್ದಿತ್ತು. ಮೊದಲ ಭಾನುವಾರ ನಾನು ಚಾದರವನ್ನು ತಪ್ಪು ಕಡೆಯಿಂದ ಜಗ್ಗಿ ಬೈಸಿಕೊಂಡೆ. ಬೈಗುಳದ ಧ್ವನಿ ಬೀದಿಗೆ ಕೇಳಿಸಿತಂತೆ. ಫರಹಾನಾ ಹೊಲಿಗೆ ಬಿಟ್ಟು ಓಡಿಬಂದು, "ಧ್ವನಿ ಬಂತಲ್ರೀ!" ಎಂದಳು.

ಹುಣ್ಣು ಒಣಗಲು ನಾಲ್ಕು ತಿಂಗಳು ಬೇಕಾಯಿತು. ನೋವು ಪೂರ್ತಿ ಹೋಗಲಿಲ್ಲ, ಈಗಲೂ ಇದೆ. "ಎಲ್ಲಾ ತಗೀತೇನಿ ಅಂತ ನಾ ಹೇಳೂದಿಲ್ರಿ, ಅದು ಇದ್ರೂ ನೀವು ಮಾತಾಡೂ ಅಷ್ಟು ಮಾಡ್ತೇನಿ," ಎಂದು ನರ್ಗೀಸ ಮೊದಲೇ ಹೇಳಿದ್ದಳು. ಹಾಗೇ ಆಯಿತು.

ಗಾಲಿ ಕುರ್ಚಿ ಬಂದಾಗ ಹೊಸ ತೊಂದರೆ. ಹೊಸ್ತಿಲಾಚೆ ಕೆಂಪು ಕಲ್ಲಿನ ಎರಡು ಎತ್ತರದ ಮೆಟ್ಟಿಲು. ನೀಲಪ್ಪ ಸಿಮೆಂಟು ಕಲಸಿಕೊಂಡು ಬಂದ. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂದು ಅಕ್ಕೋರು, ಅಷ್ಟು ಮಾಡಿದರೆ ಓಣಿಯೇ ಮುಚ್ಚುತ್ತದೆಂದು ನೀಲಪ್ಪ. ಅಕ್ಕೋರ ಮಾತು ಕೇಳದೆ ನಾಲ್ಕು ಅಡಿಯಲ್ಲಿ ಮುಗಿಸಿದ. ಮೊದಲ ದಿನ ಪ್ರಾಣೇಶನ ಕೈ ಜಾರಿ ಕುರ್ಚಿ ಅಕ್ಕೋರ ಸಮೇತ ಸೀದಾ ಓಣಿ ದಾಟಿ ಫರಹಾನಾಳ ಹೊಲಿಗೆ ಕೋಣೆಯೊಳಗೆ ಹೋಗಿ ಬಟ್ಟೆಯ ರಾಶಿಗೆ ಗುದ್ದಿ ನಿಂತಿತು. ನಾವೆಲ್ಲ ಬೆವತು ಓಡಿಹೋದರೆ, ಅಕ್ಕೋರು ಗಟ್ಟಿಯಾಗಿ ನಗುತ್ತಿದ್ದಾರೆ. "ನೀಲಪ್ಪಾ, ಲೆಕ್ಕ ಕೇಳಿ ಕಟ್ಟಲೇ ಮಗನ!" ಎಂದರು. ಅವನು ಒಡೆದು, ನಡುವೆ ತಿರುವು ಕೊಟ್ಟು, ಮತ್ತೆ ಕಟ್ಟಿದ. ಈಗ ಬಾದಾಮಿಯಲ್ಲಿ ಯಾರ ಮನೆಗಾದರೂ ಇಳಿಜಾರು ಬೇಕಾದರೆ ಅವನನ್ನೇ ಕರೆಯುತ್ತಾರೆ.

ಮನೆ ಮುಂದಿನ ಕಟ್ಟೆಯ ಮೇಲೆ ಸಂಜೆಯ ಪಾಠ ಶುರುವಾಯಿತು. ಫರಹಾನಾಳ ಸಣ್ಣ ಮಗಳು ಬೋರ್ಡಿನ ಮೇಲೆ ಬರೆಯುವಳು, ಅಕ್ಕೋರು ಹೇಳುವರು. ಮೊದಲು ಮೂವರು ಮಕ್ಕಳು, ಮಳೆಗಾಲದ ಹೊತ್ತಿಗೆ ಇಪ್ಪತ್ತಾರು.

ಆಗ ಬಂತು ಕಚೇರಿಯ ಉತ್ತರ. ಅರ್ಜಿ ಕೊಟ್ಟು ಹನ್ನೊಂದು ತಿಂಗಳಾಗಿತ್ತು, ನಮಗೆ ಮರೆತೇ ಹೋಗಿತ್ತು. ನಾನೇ ಓದಿದೆ: ಪ್ರಸ್ತುತ ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲದ ಕಾರಣ ತಮ್ಮ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ. ನಾವು ನಗುತ್ತೇವೆಂದುಕೊಂಡಿದ್ದೆ. ಅಕ್ಕೋರು ನಗಲಿಲ್ಲ.

"ಬೇವೂರ ಸರ್," ಎಂದರು, "ಅವಕಾಶ ಇದ್ದಿದ್ರ?"

ನಾನು ಕಾಗದವನ್ನು ಮಡಚಿ ಲಕೋಟೆಯೊಳಗೆ ಹಾಕಿದೆ. ಕಟ್ಟೆಯ ಮೇಲೆ ಮಕ್ಕಳು ಮಗ್ಗಿ ಹೇಳುತ್ತಿದ್ದರು.

ಕಳೆದ ವರ್ಷ ಬಾಗಲಕೋಟೆಯ ನವನಗರದಲ್ಲಿ ಒಂದು ಚರ್ಚಾಕೂಟ ಇಟ್ಟುಕೊಂಡಿದ್ದರು, ದಯಾಮರಣಕ್ಕೆ ಕಾನೂನು ಬೇಕೇ ಎಂಬ ವಿಷಯದ ಮೇಲೆ. ನಡೆಸುತ್ತಿದ್ದವನು ದೀಪಕ ಎಂಬ ಎಳೆಯ ವಕೀಲ. ಹಳೆಯ ಪತ್ರಿಕೆಯ ಆ ನಾಲ್ಕು ಸಾಲು ಅವನಿಗೆ ಸಿಕ್ಕಿ, ಬೇಕು ಎನ್ನುವ ಪಕ್ಷದಲ್ಲಿ ಮಾತಾಡಲು ಅಕ್ಕೋರನ್ನು ಕರೆದ. ಅಕ್ಕೋರು ಬರುತ್ತೇನೆಂದಷ್ಟೇ ಹೇಳಿದರು. ಅಂದು ನರ್ಗೀಸಳ ಜೀಪಿನಲ್ಲಿ ಮಯೂರಿ, ನಾನು, ಹಿಂದೆ ಮಡಚಿದ ಕುರ್ಚಿ.

ಸಭೆ ತುಂಬಿತ್ತು. ವೇದಿಕೆಯ ಮೇಲೆ ಎರಡು ಮೇಜು. ಅಕ್ಕೋರನ್ನು ಬೇಕು ಎನ್ನುವ ಮೇಜಿನ ಹಿಂದೆ ಕೂಡಿಸಿ ದೀಪಕ ಪರಿಚಯ ಮಾಡಿದ. ಅವರ ಕಷ್ಟ ಹೇಳುವಾಗ ಅವನ ಧ್ವನಿ ನಿಜವಾಗಿಯೂ ತುಂಬಿ ಬಂದಿತ್ತು. ಒಳ್ಳೆಯ ಹುಡುಗ. ಮೈಕು ಮುಂದೆ ಇಟ್ಟಾಗ ಅಕ್ಕೋರು ಹೇಳಿದ ಮೊದಲ ಮಾತು, "ದೀಪಕ, ನನ್ನನ್ನ ತಪ್ಪು ಮೇಜಿಗೆ ಕೂಡಿಸೀರಿ. ಆ ಕಡೆ ತಳ್ರಿ ಸ್ವಲ್ಪ."

ಅವನು ಕಕ್ಕಾಬಿಕ್ಕಿ. ಸಭೆಯಲ್ಲಿ ನಗು. ಬೇರೆ ದಾರಿಯಿಲ್ಲದೆ ಅವನೇ ತಳ್ಳಿಕೊಂಡು ಹೋಗಿ ಆಚೆ ಮೇಜಿಗೆ ಬಿಟ್ಟ.

"ನನ್ನ ಅರ್ಜಿ ಎಲ್ಲಾ ರೀತಿಯಿಂದ ಸರಿ ಇತ್ತು," ಎಂದರು ಅಕ್ಕೋರು. "ಬುದ್ಧಿ ಸರಿ ಇತ್ತು. ಯಾರದೂ ಒತ್ತಾಯ ಇರಲಿಲ್ಲ. ವಾಸಿ ಆಗೂದಿಲ್ಲ ಅಂತ ಡಾಕ್ಟರ ಕಾಗದಾ ಇತ್ತು. ಭಾಷಾ ಅಂತೂ ಭಾಳ ಛಂದ ಇತ್ತು, ಅಲ್ಲಿ ಕೂತಾರಲ್ಲ, ನಮ್ಮ ಬೇವೂರ ಸರ್ ಬರದದ್ದು. ಕಾನೂನು ಇದ್ದಿದ್ರ ಅದನ್ನ ತಿರಸ್ಕರಿಸಲಿಕ್ಕೆ ಒಂದ ಕಾರಣ ಸಿಗ್ತಿದ್ದಿಲ್ಲ. ಅದರಾಗ ಬರೀದ ಬಿಟ್ಟದ್ದು ಒಂದ: ನನ್ನ ಬೆನ್ನಾಗ ಅಂಗೈ ಅಗಲ ಹುಣ್ಣು ಅದ ಅಂತ. ಅದಕ್ಕ ಔಷಧ ಅದ ಅಂತ ನನಗೂ ಗೊತ್ತಿರಲಿಲ್ಲ, ಬರದಾವ್ರಿಗೂ ಗೊತ್ತಿರಲಿಲ್ಲ."

ನಾನು ತಲೆ ತಗ್ಗಿಸಿದೆ.

"ಇನ್ನೊಂದು. ಇವತ್ತು ನಾ ಬದಕೇನಿ ಅಂದ್ರ ಯಾಕ ಅಂತ ಯಾರೂ ಕೇಳೂದಿಲ್ಲ. ಕಾನೂನು ಬಂತು ಅಂದ್ರ ಹಾಸಿಗಿ ಹಿಡದಾವ್ರೆಲ್ಲಾ ದಿನಾ ಉತ್ತರಾ ಹುಡುಕಬೇಕಾಗ್ತದ, ನಾ ಇನ್ನೂ ಯಾಕ ಅರ್ಜಿ ಹಾಕಿಲ್ಲ ಅಂತ. ಬ್ಯಾರೆಯವ್ರು ಕೇಳಬೇಕಂತಿಲ್ಲ. ನಮಗ ನಾವ ಕೇಳ್ಕೋತೀವಿ. ನಾ ಕೇಳ್ಕೊಂಡೇನಿ, ನನಗ ಗೊತ್ತದ."

ಪ್ರಶ್ನೆಯ ಸಮಯದಲ್ಲಿ ಪ್ರಾಚಿ ಎಂಬ ಕಾನೂನು ವಿದ್ಯಾರ್ಥಿನಿ ಎದ್ದಳು. ಹುನಗುಂದದವಳು.

"ಮೇಡಂ, ನಿಮ್ಮ ಹುಣ್ಣು ಮಾಯ್ದು ಹೋತು. ನಮ್ಮ ಅಜ್ಜಿಗೆ ಗಂಟಲ ಕ್ಯಾನ್ಸರ್ ಇತ್ತು. ಎರಡು ತಿಂಗಳು ಚೀರಿ ಚೀರಿ ಸತ್ಲು. ಸಾಯಸ್ರಿ ಅಂತ ಕೈ ಮುಗದು ಬೇಡ್ಕೋತಿದ್ಲು. ಆಕಿಗೆ ನೀವು ಏನು ಹೇಳ್ತಿದ್ರಿ?"

ಅಕ್ಕೋರು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಲು ದೀಪಕನಿಗೆ ಹೇಳಿದರು.

"ಆಕಿಗೆ ಹೇಳೂವಂಥಾ ಮಾತು ನನ್ನ ಹತ್ರ ಇಲ್ಲವಾ. ಮಾತಿನಿಂದ ಆಗೂದಲ್ಲ ಅದು. ನೋವಿಗೆ ಗುಳಿಗಿ ಏನು ಕೊಟ್ಟಿದ್ರು?"

"ಜ್ವರಕ್ಕ ಕೊಡೂವಂಥಾ ಗುಳಿಗಿ ಅಷ್ಟ. ಬ್ಯಾರೆ ಇರ್ತಾವ ಅಂತ ನಮಗ ಯಾರೂ ಹೇಳಲಿಲ್ಲ."

ಕೊನೆಯ ಸಾಲಿನಿಂದ ನರ್ಗೀಸ ಎದ್ದಳು. ಸಭೆಯಲ್ಲಿ ಮಾತಾಡಿ ರೂಢಿಯಿಲ್ಲದವಳು, ಚೀಲ ಎದೆಗೆ ಅವಚಿಕೊಂಡೇ ಹೇಳಿದಳು. ಅಂಥ ನೋವಿಗೆಂದೇ ಮಾರ್ಫಿನ್ ಎಂಬ ಔಷಧ ಇದೆ, ಡಾಕ್ಟರು ಬರೆದುಕೊಟ್ಟರೆ ಸಿಗುತ್ತದೆ, ಹೆಚ್ಚಿನವರ ನೋವು ತಹಬಂದಿಗೆ ಬರುತ್ತದೆ, ಎಲ್ಲರದೂ ಪೂರ್ತಿ ಬರುತ್ತದೆಂದು ತಾನು ಹೇಳುವುದಿಲ್ಲ. "ನಿಮ್ಮಜ್ಜಿ ಸಾಯಸ್ರಿ ಅಂದಿದ್ದು ಖರೆ ಇರಬೇಕವಾ. ಹಂಗ ಅಂದಾವ್ರನ್ನ ನಾ ಭಾಳ ಮಂದಿನ್ನ ನೋಡೇನಿ. ಗುಳಿಗಿ ಹತ್ತಿದ ಮ್ಯಾಲ ಅವರಾಗ ಭಾಳ ಮಂದಿ ಚಹಾ ಕೇಳ್ತಾರ."

ಯಂತ್ರಕ್ಕೆ ಕಟ್ಟಿ ಉಸಿರು ಎಳೆಸುವುದನ್ನೂ ಮುಂದುವರಿಸಬೇಕೇನು ಎಂದು ಹಿರಿಯರೊಬ್ಬರು ಕೇಳಿದರು. ಅದಕ್ಕೆ ಅಕ್ಕೋರು, "ಅದು ಬ್ಯಾರೆ ಮಾತು. ನನ್ನ ಹೊತ್ತು ಬಂದಾಗ ಯಂತ್ರ ಹಚ್ಚಬ್ಯಾಡ್ರಿ ಅಂತ ಪ್ರಾಣೇಶಗ ಹೇಳಿಟ್ಟೇನಿ. ಅದಕ್ಕ ಕೋರ್ಟೂ ದಾರಿ ಮಾಡೇದ. ಹೋಗೂವರನ್ನ ಹೋಗಗೊಡೂದು ಬ್ಯಾರೆ, ಇರೂವರನ್ನ ಕಳಸೂದು ಬ್ಯಾರೆ," ಎಂದರು.

ಕೊನೆಗೆ ಕೈ ಎತ್ತಿಸಿದಾಗ ಕಾನೂನು ಬೇಕೆಂದವರೇ ಹೆಚ್ಚಿದ್ದರು. ಪ್ರಾಚಿ ಯಾವ ಕಡೆಗೂ ಕೈ ಎತ್ತಲಿಲ್ಲ. ಹೊರಗೆ ಜೀಪಿನ ಹತ್ತಿರ ಬಂದು ನರ್ಗೀಸಳ ನಂಬರು ಕೇಳಿ ಬರೆದುಕೊಂಡಳು, ಅಕ್ಕೋರ ಕೈಯನ್ನು ಒಮ್ಮೆ ಹಿಡಿದು ಹೋದಳು.

"ಸೋತ್ವಿ ಅಲ್ರಿ," ಎಂದೆ ನಾನು ದಾರಿಯಲ್ಲಿ.

"ಯಾರು ಸೋತ್ರು? ಮುಂಜಾನೆ ಆ ಕಡೆ ಎಷ್ಟು ಮಂದಿ ಇದ್ರಂತ ನಿಮಗ ಗೊತ್ತದೇನು? ಮೊದಲಿನ ಅಂಕಿ ಇಲ್ಲದ ವಜಾಬಾಕಿ, ಕಳಿಯೂ ಲೆಕ್ಕಾ, ಹೆಂಗ ಮಾಡ್ತೀರಿ? ಸುಮ್ಮನ ಕೂಡ್ರಿ, ನನಗ ಹಸಿವ್ಯಾಗೇದ."

ಕೆರೂರಿನಲ್ಲಿ ಜೀಪು ನಿಲ್ಲಿಸಿ ಗಿರ್ಮಿಟ್ ಮತ್ತು ಮಿರ್ಚಿ ಭಜಿ ತಿಂದೆವು. ಮಯೂರಿ ತಿನ್ನಿಸುತ್ತಿದ್ದಂತೆ ಅಕ್ಕೋರು ಎರಡು ಪ್ಲೇಟು ಮುಗಿಸಿ, ಕಣ್ಣಲ್ಲಿ ನೀರು ತಂದುಕೊಂಡು, ಖಾರ ಸಾಲದೆಂದರು.

ಈಗ ಹದಿನೈದು ದಿನಕ್ಕೊಮ್ಮೆ ಅವರು ನರ್ಗೀಸಳ ಜೀಪಿನಲ್ಲಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಾರೆ. ಔಷಧದ ಕೆಲಸ ಅವಳದು, ಮಾತಿನ ಕೆಲಸ ಇವರದು. ಹೋದ ತಿಂಗಳು ಇಳಕಲ್ಲಿಗೆ ಹೋದಾಗ ನಾನೂ ಜೊತೆಗಿದ್ದೆ. ನರ್ಗೀಸಳ ತವರಿನ ಓಣಿಯಲ್ಲಿ ಅಲೀಮಾ ಎಂಬ ಮುದುಕಿ ಲಕ್ವಾ ಹೊಡೆದು ಮಲಗಿದ್ದಳು. ಮಾತು ತೊದಲಿದರೂ ಬರುತ್ತಿತ್ತು, ಆದರೆ ಎರಡು ತಿಂಗಳಿಂದ ಗೋಡೆಗೆ ಮುಖ ಮಾಡಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಹಿಂದೆ ಕೈಮಗ್ಗದ ಮನೆಯಲ್ಲಿ ಸೀರೆಯ ಒಡಲಿನ ಹತ್ತಿ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಒಂದೊಂದಾಗಿ ಕೊಂಡಿ ಹಾಕುತ್ತಿದ್ದವಳು.

ಅಕ್ಕೋರು ಕುರ್ಚಿಯನ್ನು ಗೋಡೆಯ ಕಡೆಗೇ ತಳ್ಳಿಸಿಕೊಂಡು ಹೋಗಿ ಅವಳ ಮುಖದ ಮುಂದೆ ನಿಲ್ಲಿಸಿಕೊಂಡರು. ಹೆಸರು ಕೇಳಿದರು, ಉತ್ತರವಿಲ್ಲ. ಊಟ ಕೇಳಿದರು, ಇಲ್ಲ. ಮುಂಗೈಯಿಂದ ಸೆರಗು ಸರಿಮಾಡಿಕೊಂಡು ಕೂತರು. ಮುದುಕಿಯ ಕಣ್ಣು ಆ ಸೆರಗಿನ ಮೇಲೆ ಬಿತ್ತು. ಆಡುವ ಒಂದು ಕೈ ಚಾಚಿ, ಎರಡು ಬೆರಳಲ್ಲಿ ಅಂಚನ್ನು ತಿಕ್ಕಿ ನೋಡಿದಳು.

"ಇದು ಇಳಕಲ್ ಸೀರಿ ಅಂತ ಯಾರು ಕೊಟ್ರು?" ಎಂದಳು ತೊದಲುತ್ತ. "ಕೊಂಡಿ ಎಲ್ಲೈತಿ? ಮಷೀನ್ ಮಾಲು. ಮೋಸ ಹೋಗೀದಿ."

"ಆರು ವರ್ಷದಿಂದ ಉಡಾಕತ್ತೇನ್ರಿ, ಹರದಿಲ್ಲ!" ಎಂದರು ಅಕ್ಕೋರು, ಜಗಳಕ್ಕೆ ನಿಂತವರಂತೆ.

"ಹರೀಲಿಲ್ಲಂದ್ರ ಖರೇದು ಆಗ್ತೈತೇನು? ನರ್ಗೀಸಾ, ನನ್ನ ಎಬ್ಬಿಸಿ ಕುಂದ್ರಸು. ಪೆಟಿಗಿ ತಗಿ. ಈಕಿಗೆ ಖರೇ ಸೀರಿ ಅಂದ್ರ ಏನಂತ ತೋರಸ್ತೇನಿ."

ನರ್ಗೀಸ ಚಾದರ ಹಿಡಿದು ಜಗ್ಗಿ ಅವಳನ್ನು ದಿಂಬಿಗೆ ಒರಗಿಸಿದಳು. ಪೆಟ್ಟಿಗೆಯಿಂದ ಒಂದೊಂದೇ ಸೀರೆ ಹೊರಬಂತು. ಅಕ್ಕೋರು ಒಂದಕ್ಕೂ ಸೋಲಲಿಲ್ಲ, ಅಲೀಮಾ ಒಂದಕ್ಕೂ ಬಿಡಲಿಲ್ಲ. ಒಂದು ತಾಸಾದರೂ ಇಬ್ಬರ ವಾದ ಮುಗಿಯದ್ದರಿಂದ ನಾನು ಹೊರಗೆ ಕಟ್ಟೆಯ ಮೇಲೆ ಕೂತು ಎರಡನೇ ಚಹಾ ಕುಡಿದೆ.